ಅಜ್ಜಿಯ ಪೇಟಿಯಾ ನೀರಿಗೆ ಹಾಕಬೇಡಿ

ಅಕ್ಕಾ, ಕನ್ನಡಿ, ಕವಡೆ, ಹಳೇ ನಾಣ್ಯ ಹೊಲಿದಿರುವ ಅಜ್ಜಿಯ ಲಂಬಾಣಿ ಪೇಟಿಯಾ (ಲಂಗ) ಒಗೆದು ಫ್ರೇಮ್ ಹಾಕಿಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಒಗೆಯಬೇಡಿ. ಹಳೇ ಕೆಂಪು ಬಣ್ಣ ಬಿಟ್ಟರೆ ಬಿಳಿ ದಾರಕ್ಕೆಲ್ಲ ಹತ್ತುತ್ತದೆ, ನಾಣ್ಯದ ಅಡಿಯಲ್ಲಿ ತೇವ ಉಳಿದರೆ ಕಿಲುಬು ಹಿಡಿದು ಬಟ್ಟೆಯನ್ನೇ ತಿನ್ನುತ್ತದೆ. ನಮ್ಮ ಮನೆಯ ಪೇಟಿಯಾದಲ್ಲಿ ಒಂದು ನಾಣ್ಯದ ಸುತ್ತ ಹಸಿರು ಉಂಗುರ ಬಿದ್ದು, ಮುಟ್ಟಿದರೆ ಅಲ್ಲಿನ ಎಳೆ ಪುಡಿಯಾಗುತ್ತಿತ್ತು. ಮೆತ್ತನೆ ಬ್ರಷ್‌ನಿಂದ ಧೂಳು ತೆಗೆದರೆ ಸಾಕು. ಮ್ಯೂಸಿಯಂಗಳಲ್ಲಿ ಇಂಥ ಬಟ್ಟೆಯ ಮೇಲೆ ಸಾಮಾನ್ಯವಾಗಿ 50 ಲಕ್ಸ್‌ಗಿಂತ ಜಾಸ್ತಿ ಬೆಳಕು ಬಿಡುವುದಿಲ್ಲ (ಲಕ್ಸ್ ಬೆಳಕಿನ ಅಳತೆ, 50 ಅಂದರೆ ಮಂದ ಬೆಳಕು), ನಮ್ಮ ಕಲಬುರಗಿ ಬಿಸಿಲು ಬೀಳುವ ಗೋಡೆಗೆ ತೂಗಿದರೆ ಬಣ್ಣ ಉಳಿಯುತ್ತದಾ? ಕನ್ನಡಿ, ನಾಣ್ಯದ ಭಾರಕ್ಕೆ ಹೊಲಿಗೆಯೂ ಹರಿಯುತ್ತದೆ. ಒಗೆದ, ಗಂಜಿ ಹಾಕದ ಬಿಳಿ ಹತ್ತಿ ಬಟ್ಟೆ ಹಾಸಿ, ಮಡಿಕೆ ಬೀಳುವ ಕಡೆ ಅದೇ ಬಟ್ಟೆಯ ಸುರುಳಿ ಇಟ್ಟು, ಡಬ್ಬಿಯಲ್ಲಿ ಮಲಗಿಸಿ. ಅಜ್ಜಿಯ ಹೆಸರು, ತಾಂಡಾದ ಹೆಸರು ಚೀಟಿಯಲ್ಲಿ ಪೆನ್ಸಿಲ್‌ನಿಂದ ಬರೆದು ಜೊತೆಗಿಡಿ.