ಪ್ರತಿಕ್ರಿಯೆ: ತಂಗಿ ಮಗುವಿಗೆ ದಡಾರದ ಲಸಿಕೆ ಬೇಡ ಅಂತಿದ್ದಾಳೆ

ಅಕ್ಕಾರೆ, ಬ್ಯಾಡಗಿ ಹತ್ತಿರದ ನಿಮ್ಮ ತಂಗಿ 9 ತಿಂಗಳ ಮಗುವಿಗೆ ದಡಾರ-ರುಬೆಲ್ಲಾ ಲಸಿಕೆ ಬೇಡ ಅಂತಿದ್ದಾಳೆ, ಹೇಗೆ ಒಪ್ಪಿಸೋದು ಅಂತ ಕೇಳಿದ್ದೀರಿ. ಮೊದಲು ಅವಳಿಗೆ ತಿಳುವಳಿಕೆ ಇಲ್ಲ ಅಂತ ಬೈಯೋದು ಬಿಡಿ. ಹಿಂದಿನ ಪೆಂಟಾವೇಲೆಂಟ್ (ಐದು ರೋಗ ತಡೆಯೋ ಲಸಿಕೆ) ಚುಚ್ಚುಮದ್ದಿಗೆ ಜ್ವರ ಬಂತು, ತೊಡೆ ಬಾತುಕೊಂಡಿತು ಅಂತ ನೀವೇ ಬರೆದಿದ್ದೀರಿ. ಆಗ ಮೆಣಸಿನಕಾಯಿ ಬಿಡಿಸುವ ಸುಗ್ಗಿ ಬೇರೆ. ಮಗು ರಾತ್ರಿಯೆಲ್ಲ ಅತ್ತರೆ ಮರುದಿನ ತಾಯಿಯ ಕೂಲಿ ಹೋಯ್ತು, ಮೇಲೆ ಅತ್ತೆಯ ಮಾತು. ಈ ಲೆಕ್ಕ ಯಾವ ಪೋಸ್ಟರಿನಲ್ಲೂ ಇರಲ್ಲ.

ಲಸಿಕೆ ಹೆಸರಲ್ಲಿ ಮಕ್ಕಳಾಗದಂತೆ ಮಾಡ್ತಾರೆ ಅನ್ನೋ ಹಳೆಯ ಅನುಮಾನವೂ ಇದೆ. 1975-77ರ ತುರ್ತು ಪರಿಸ್ಥಿತಿಯ ಬಲವಂತದ ಸಂತಾನಹರಣ ಆಪರೇಷನ್ ದೊಡ್ಡವರಿಗೆ ಮರೆತಿಲ್ಲ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ಇದೇ ಲಸಿಕೆಯ ಅಭಿಯಾನ ಶುರುವಾದಾಗಲೂ ವಾಟ್ಸಾಪ್‌ನಲ್ಲಿ ಸುಳ್ಳು ಸುದ್ದಿ ಓಡಾಡಿತು. ಇನ್ನು, ಆಶಾ ಕಾರ್ಯಕರ್ತೆಗೆ ಇದಕ್ಕೆ ದುಡ್ಡು ಬರುತ್ತೆ ಅನ್ನೋದು ನಿಜವೇ, ಅದು ಪ್ರೋತ್ಸಾಹಧನ. ಮುಚ್ಚಿಡೋದಕ್ಕಿಂತ ಹೇಳಿಬಿಡೋದು ವಾಸಿ.

ತಂಗಿಗೆ ಇಷ್ಟು ಹೇಳಿ. ಪೆಂಟಾವೇಲೆಂಟ್ ಹಾಕಿಸಿದ ಒಂದೆರಡು ದಿನ ಜ್ವರ ಸಾಮಾನ್ಯ, ಅದರಲ್ಲಿರುವ ನಾಯಿಕೆಮ್ಮಿನ ಭಾಗವೇ ಹೆಚ್ಚಾಗಿ ಕಾರಣ. ದಡಾರದ ಈ ಲಸಿಕೆ ಬೇರೆ. ಜ್ವರ ಬಂದರೂ ಸಾಮಾನ್ಯವಾಗಿ ವಾರ ಕಳೆದ ಮೇಲೆ, ಸಣ್ಣಗೆ. ದಡಾರವೇ ಬಂದರೆ ನ್ಯುಮೋನಿಯಾ ತನಕ ಹೋಗಬಹುದು. ತಾಯಿ ಕಾರ್ಡ್ ಹಿಡಿದು ನೀವೂ ಜೊತೆಗೆ ಹೋಗಿ, ಹಿಂದಿನ ಜ್ವರದ ವಿಷಯ ನರ್ಸಮ್ಮನಿಗೆ ಮೊದಲೇ ತಿಳಿಸಿ. ಆಗ ಫಿಟ್ಸ್ ಏನಾದರೂ ಬಂದಿದ್ದರೆ ಡಾಕ್ಟರನ್ನ ಕೇಳಿಯೇ ಹಾಕಿಸಿ. ಅತ್ತೆಯನ್ನೂ ಕರೆದುಕೊಂಡು ಹೋಗಿ, ಆ ಮನೇಲಿ ತೀರ್ಮಾನ ಅವರದೇ ಅಲ್ವಾ?