ಬಿಳಿ ರಕ್ತಕಣ ಇಳಿದದ್ದು ಆಕೆಯ ತಪ್ಪಲ್ಲ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ನನ್ನ ಹತ್ತಿರ ಸಲಹೆಗೆ ಬಂದವರು ಕಲಬುರಗಿ ಕಡೆಯ ಹೆಣ್ಣುಮಗಳು, ನಲವತ್ತರ ಆಸುಪಾಸು. ಸ್ತನ ಕ್ಯಾನ್ಸರ್‌ಗೆ ಕೀಮೋ ನಡೆಯುತ್ತಿತ್ತು. ಬಿಳಿ ರಕ್ತಕಣ 1,800ಕ್ಕೆ ಇಳಿದಿದ್ದರಿಂದ ಡಾಕ್ಟರ್ ಮುಂದಿನ ಡೋಸ್ ಮುಂದೂಡಿದ್ದರು. ಸಾಮಾನ್ಯವಾಗಿ ಇದು ಒಂದು ಮೈಕ್ರೋಲೀಟರ್ ರಕ್ತದಲ್ಲಿ 4,000ದಿಂದ 11,000 ಇರಬೇಕು. ಮನೆಯಲ್ಲಿ ಮಾತು ಶುರುವಾಯಿತು. "ರೊಟ್ಟಿ ಅರ್ಧಕ್ಕೇ ಬಿಡ್ತಾಳ, ರಕ್ತ ಎಲ್ಲಿಂದ ಬರ್ಬೇಕು" ಅಂದರಂತೆ ಅತ್ತೆ. ಈಕೆಯೂ ಅದನ್ನೇ ನಂಬಿದ್ದರು. "ನಾ ಬರಾಬರ್ ಉಂಡಿಲ್ರಿ ಮೇಡಂ, ನನ್ನಿಂದಾನೇ ಖರ್ಚು ಜಾಸ್ತಿ ಆಗ್ಲಿಕತ್ತದ" ಎಂದು ಅತ್ತರು.

ಆಮೇಲೆ ಹೇಳಿದ್ದು ಕೇಳಿ ನನಗೆ ದಿಗಿಲಾಯಿತು. ಹಿಂದಿನ ರಾತ್ರಿ ಮೈ ಸುಡುತ್ತಿತ್ತು. ಮತ್ತೆ ಬೈಗುಳ ಬೇಡವೆಂದು ಸುಮ್ನೆ ಜ್ವರದ ಗುಳಿಗೆ ನುಂಗಿ ಮಲಗಿದ್ದರು. ಸೋಂಕಿನ ಜೊತೆ ಹೋರಾಡುವ ಬಿಳಿ ಕಣ ಇಷ್ಟು ಕಡಿಮೆ ಇದ್ದಾಗ ಜ್ವರ ಬಂದರೆ ತಡ ಮಾಡುವಂತಿಲ್ಲ. ಮೊದಲು ಡಾಕ್ಟರ್ ಹತ್ತಿರ ಕಳಿಸಿದೆ. ಉಳಿದ ಮಾತು ಆಮೇಲೆ, ಗಂಡ ಮತ್ತು ಅತ್ತೆಯನ್ನೂ ಕೂರಿಸಿಕೊಂಡು.

ಬಿಳಿ ರಕ್ತಕಣ ಹುಟ್ಟುವುದು ಸೊಂಟ, ಬೆನ್ನು, ಎದೆಯ ಎಲುಬಿನೊಳಗಿನ ಮಜ್ಜೆಯಲ್ಲಿ. ಅಲ್ಲಿನ ಮೂಲಕಣಗಳು ಒಡೆದು ಒಡೆದು ಹೆಚ್ಚುತ್ತವೆ, ಬೆಳೆದು ರಕ್ತಕ್ಕೆ ಇಳಿಯುತ್ತವೆ. ಸೋಂಕಿನ ಮೇಲೆ ಮೊದಲು ಬೀಳುವ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳಂತೂ ರಕ್ತದಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ. ಅದಕ್ಕೇ ಮಜ್ಜೆ ದಿನಕ್ಕೆ ಸುಮಾರು 10 ಸಾವಿರ ಕೋಟಿ ಹೊಸದನ್ನು ಮಾಡುತ್ತಲೇ ಇರಬೇಕು. ಕೀಮೋ ಔಷಧಿ ಹೊಡೆಯುವುದು ಬೇಗ ಬೇಗ ಒಡೆಯುವ ಕಣಗಳನ್ನು. ಕ್ಯಾನ್ಸರ್ ಕಣಕ್ಕೆ ಬಿದ್ದ ಪೆಟ್ಟು ಮಜ್ಜೆಗೂ ಬೀಳುತ್ತದೆ. ಸಾಮಾನ್ಯವಾಗಿ ಡೋಸ್ ಆದ 7ರಿಂದ 14 ದಿನದೊಳಗೆ ಎಣಿಕೆ ತೀರಾ ಇಳಿದು, ಆಮೇಲೆ ತಾನೇ ಏರುತ್ತದೆ. ಅರ್ಧ ರೊಟ್ಟಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಅತ್ತೆಯ ಎದುರೇ ಹೇಳಿದೆ. ಅದು ಆಕೆಯ ಕಿವಿಗೆ ಬೀಳಬೇಕಿತ್ತು.

ಬೇಳೆ, ಮೊಟ್ಟೆ, ಹಾಲು ಬೇಕು, ಮೈಗೆ ಶಕ್ತಿ ಬರಲಿ ಅಂತ. ಪಪ್ಪಾಯಿ ಎಲೆ ರಸ ಡಾಕ್ಟರನ್ನು ಕೇಳದೆ ಬೇಡ. ರೊಟ್ಟಿ ಜೊತೆ ಹಸಿ ಮೆಂತ್ಯ ತಿನ್ನುವುದು ನಮ್ಮ ಕಡೆ ರೂಢಿ, ಅಲ್ವಾ? ಎಣಿಕೆ ಏರುವ ತನಕ ಬೇಯಿಸಿಯೇ ಕೊಡಿ. ಶರಣಬಸವೇಶ್ವರ ಜಾತ್ರೆಯ ಗದ್ದಲಕ್ಕೆ ಈ ಸಲ ಬೇಡ ಅಂದೆ, ಅದಕ್ಕೆ ಮಾತ್ರ ಮುಖ ಸಪ್ಪಗಾಯಿತು. ಮಜ್ಜೆಯನ್ನು ಚುರುಕು ಮಾಡುವ ಇಂಜೆಕ್ಷನ್ ಬೇಕೋ ಬೇಡವೋ ಡಾಕ್ಟರ್ ಹೇಳುತ್ತಾರೆ. ಅದರಿಂದ ಎಲುಬು ನೋಯಬಹುದು ಎಂದೂ ತಿಳಿಸಿದೆ.

ಗಂಡನಿಗೆ ಥರ್ಮಾಮೀಟರ್ ನೋಡುವುದನ್ನು ಕಲಿಸಿದೆ. 100.4 ಡಿಗ್ರಿ ಮುಟ್ಟಿದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು. ಗುಳಿಗೆ ಕೊಟ್ಟು ಬೆಳಗಿನ ತನಕ ಕಾಯಬಾರದು. ರಾತ್ರಿ ಬರುವ ಆಟೋದವರ ನಂಬರ್ ಅಲ್ಲೇ ಬರೆಸಿಕೊಂಡರು.