ಓದುಗರ ಪ್ರಶ್ನೆ: ಸೇರಿಸಿಕೊಂಡ ಮೇಲಿನ ಕೆಲಸ

(ಅಮೆರಿಕದ ವಾಷಿಂಗ್ಟನ್ ರಾಜ್ಯದ ಪೂರ್ವಭಾಗದಲ್ಲಿರುವ ಹಳ್ಳಿಗಾಡಿನ ಕಮ್ಯುನಿಟಿ ಕಾಲೇಜೊಂದರಲ್ಲಿ – ಎಂದರೆ ಎರಡು ವರ್ಷದ ಸರ್ಕಾರಿ ಕಾಲೇಜಿನಲ್ಲಿ – ಗಣಿತ ಕಲಿಸಿ ನಿವೃತ್ತರಾದ, ಹೊಸನಗರ ಮೂಲದ ಅಧ್ಯಾಪಕಿ ಈ ಸಂಚಿಕೆಯ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ನಿಮ್ಮ ಕಾಲೇಜಿನಲ್ಲಿ ಪ್ರವೇಶ ಪರೀಕ್ಷೆಯೂ ಇಲ್ಲ, ಕನಿಷ್ಠ ಅಂಕದ ನಿಯಮವೂ ಇಲ್ಲ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದಿರಿ. ನಮ್ಮಲ್ಲಿಗೂ ಬಹುಮಟ್ಟಿಗೆ ಬಂದವರೆಲ್ಲ ಸೇರುತ್ತಾರೆ. ಶೇಕಡಾವಾರು ಲೆಕ್ಕವೇ ಬಾರದ ಮಕ್ಕಳನ್ನು ಕೂರಿಸಿಕೊಂಡು ಬಿ.ಕಾಂ. ಮೊದಲ ಸೆಮಿಸ್ಟರ್‌ನ ಪಾಠ ಮುಗಿಸುವುದು ಹೇಗೆ? ಅಲ್ಲಿ ಏನು ಮಾಡುತ್ತಾರೆ?
– ಉಪನ್ಯಾಸಕರು, ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಹಾವೇರಿ ಜಿಲ್ಲೆ

ಉತ್ತರ: ಮೇಷ್ಟ್ರೇ, ನನ್ನ ಇಡೀ ವೃತ್ತಿ ಈ ಪ್ರಶ್ನೆಯ ಜೊತೆಯಲ್ಲೇ ಕಳೆಯಿತು. ಎಲ್ಲರನ್ನೂ ಸೇರಿಸಿಕೊಳ್ಳುವುದು ಒಂದು ಆದೇಶದಲ್ಲಿ ಮುಗಿಯುವ ಕೆಲಸ. ಸೇರಿದವರು ಕೊನೆಯವರೆಗೆ ಉಳಿಯಬೇಕಾದರೆ ವೇಳಾಪಟ್ಟಿ, ಪಠ್ಯ, ಅನುದಾನ, ಅಧ್ಯಾಪಕರ ಸಮಯ ಎಲ್ಲಕ್ಕೂ ಕೈಹಾಕಬೇಕಾಗುತ್ತದೆ.

ಮೊದಲು ಅಲ್ಲಿ ನಡೆಯುತ್ತಿದ್ದ ಪದ್ಧತಿ ಹೀಗಿತ್ತು. ಸೇರಿಸಿಕೊಂಡ ಮೇಲೆ, ಯಾವ ತರಗತಿಗೆ ಹಾಕಬೇಕೆಂದು ನೋಡಲು ಒಂದು ಪರೀಕ್ಷೆ. ಭಿನ್ನರಾಶಿ ಬಾರದವರು ಕೆಳಗಿನ ಗಣಿತ ತರಗತಿಗೆ. ಅದು ಮುಗಿದರೆ ಅದರ ಮೇಲಿನದು, ಆಮೇಲೆ ಇನ್ನೊಂದು, ಕೊನೆಗೆ ಪದವಿಗೆ ಬೇಕಾದ ಗಣಿತ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಲೆಕ್ಕ ಹಾಕಿ ನೋಡಿ: ಪ್ರತಿ ಹಂತದಲ್ಲೂ ನೂರಕ್ಕೆ 70 ಮಂದಿ ಪಾಸಾಗಿ ಮುಂದಿನ ತರಗತಿಗೆ ಹೆಸರು ಹಚ್ಚಿದರೂ ಮೂರು ಹಂತ ದಾಟುವ ಹೊತ್ತಿಗೆ ಉಳಿಯುವವರು 34. ಮೂರಕ್ಕೂ ಶುಲ್ಕ ಕಟ್ಟಬೇಕು, ಮೂರರಲ್ಲಿ ಒಂದೂ ಪದವಿಯ ಕ್ರೆಡಿಟ್ಟಿಗೆ ಸೇರುವುದಿಲ್ಲ. ಹಗಲೆಲ್ಲ ಸೇಬಿನ ಪ್ಯಾಕಿಂಗ್ ಶೆಡ್ಡಿನಲ್ಲಿ ನಿಂತು ಸಂಜೆ ತರಗತಿಗೆ ಬರುವ ತಾಯಿಯೊಬ್ಬಳು ಇದನ್ನು ಎಷ್ಟು ಕಾಲ ತಾಳಿಯಾಳು? ಇಂಥವರು ಫೇಲಾಗಿ ಹೋಗುತ್ತಿರಲಿಲ್ಲ, ಒಂದು ತರಗತಿಗೂ ಇನ್ನೊಂದಕ್ಕೂ ನಡುವಿನ ರಜೆಯಲ್ಲಿ ಸದ್ದಿಲ್ಲದೆ ಬಿಟ್ಟುಬಿಡುತ್ತಿದ್ದರು.

ಈಗ ಅನೇಕ ರಾಜ್ಯಗಳು ದಾರಿ ಬದಲಿಸಿವೆ. ಟೆನೆಸಿ ರಾಜ್ಯ 2015ರಲ್ಲಿ ತನ್ನ ಕಮ್ಯುನಿಟಿ ಕಾಲೇಜುಗಳಿಗೆಲ್ಲ ಹೊಸ ಪದ್ಧತಿ ತಂದಿತು. ವಿದ್ಯಾರ್ಥಿ ನೇರವಾಗಿ ಪದವಿಯ ತರಗತಿಯಲ್ಲೇ ಕೂರುತ್ತಾನೆ, ಅದಕ್ಕೆ ಅಂಟಿಕೊಂಡಂತೆ ಹೆಚ್ಚುವರಿ ಅವಧಿ ಇರುತ್ತದೆ. ಆ ಅವಧಿಯಲ್ಲಿ ಮುಂದಿನ ಪಾಠಕ್ಕೆ ಬೇಕಾದಷ್ಟನ್ನೇ ಕಲಿಸುವುದು. ನಿಮ್ಮ ಬಿ.ಕಾಂ. ಮಕ್ಕಳಿಗೆ ಬಡ್ಡಿ ಲೆಕ್ಕ ಬರುವ ವಾರವೇ ಶೇಕಡಾವಾರು ಹೇಳಿಕೊಡಿ. ಜೂನ್‌ನಲ್ಲೋ ಜುಲೈನಲ್ಲೋ ಎರಡು ವಾರ ‘ಸೇತುಬಂಧ’ ಮಾಡಿ ಎಲ್ಲವನ್ನೂ ಒಟ್ಟಿಗೆ ತುಂಬಿದರೆ ಬಡ್ಡಿಯ ಪಾಠ ಬರುವ ಹೊತ್ತಿಗೆ ಅದು ಮರೆತುಹೋಗಿರುತ್ತದೆ. ವಾರಕ್ಕೆ ಒಂದೇ ಗಂಟೆಯಾದರೂ ಪರವಾಗಿಲ್ಲ, ಅದು ವರ್ಷವಿಡೀ ಇರಲಿ, ವೇಳಾಪಟ್ಟಿಯಲ್ಲಿ ಅಚ್ಚಾಗಲಿ.

ಇದಕ್ಕಿಂತಲೂ ನನ್ನ ಮನಸ್ಸಿಗೆ ಹತ್ತಿರವಾದ ಪ್ರಯೋಗ ವಾಷಿಂಗ್ಟನ್ ರಾಜ್ಯದಲ್ಲೇ ಹುಟ್ಟಿದ್ದು. ಅದನ್ನು ಐ-ಬೆಸ್ಟ್ ಎನ್ನುತ್ತಾರೆ. 2004ರ ಸುಮಾರಿಗೆ ಹತ್ತು ಕಾಲೇಜುಗಳಲ್ಲಿ ಪ್ರಾಯೋಗಿಕವಾಗಿ ಶುರುವಾಯಿತು. ಒಂದೇ ತರಗತಿಯಲ್ಲಿ ಇಬ್ಬರು ಅಧ್ಯಾಪಕರು. ಒಬ್ಬರು ವೃತ್ತಿ ಕಲಿಸುವವರು: ವೆಲ್ಡಿಂಗ್, ಶುಶ್ರೂಷೆ, ಮಕ್ಕಳ ಪಾಲನೆ ಇತ್ಯಾದಿ. ಇನ್ನೊಬ್ಬರು ಇಂಗ್ಲಿಷ್ ಅಥವಾ ಗಣಿತದವರು. ಅವಧಿಯಲ್ಲಿ ಕನಿಷ್ಠ ಅರ್ಧದಷ್ಟು ಕಾಲ ಇಬ್ಬರೂ ಒಟ್ಟಿಗೆ ಇರಬೇಕು. ನಾನು ಶುಶ್ರೂಷಾ ಸಹಾಯಕರ ತರಗತಿಯಲ್ಲಿ ಹೀಗೆ ಎರಡನೆಯವಳಾಗಿ ನಿಂತಿದ್ದೇನೆ. ಅಲ್ಲಿ ರೋಗಿ ಎಷ್ಟು ನೀರು ಕುಡಿದ, ಎಷ್ಟು ಹೊರಹೋಯಿತು ಎಂದು ಬರೆದಿಡುವುದು ನಿತ್ಯದ ಕೆಲಸ. ಲೋಟ ಎಂಟು ಔನ್ಸಿನದು, ರೋಗಿ ಕುಡಿದದ್ದು ಮುಕ್ಕಾಲು, ಒಂದು ಔನ್ಸಿಗೆ 30 ಮಿಲಿಲೀಟರ್. ಪಟ್ಟಿಯಲ್ಲಿ ಏನು ಬರೆಯಬೇಕು? ನರ್ಸಮ್ಮ ಆ ಕಡೆ ಮಂಚದ ಬಳಿ ಲೋಟ ಹಿಡಿದು ತೋರಿಸುವಾಗ, ಈ ಕಡೆ ನಾನು ಎಂಟರ ಮುಕ್ಕಾಲು ಆರು, ಆರು ಮೂವತ್ತಲಿ 180 ಎಂದು ಬಿಡಿಸುತ್ತಿದ್ದೆ. ಭಿನ್ನರಾಶಿ ಎಂದರೆ ಬೆವರುತ್ತಿದ್ದವರು ಅಲ್ಲಿ ನನ್ನನ್ನು ಕೇಳುತ್ತಿದ್ದದ್ದು ಭಿನ್ನರಾಶಿಯ ಬಗ್ಗೆ ಅಲ್ಲ, ರೋಗಿ ಅರ್ಧ ಐಸ್ ತುಂಬಿದ ಲೋಟ ಕುಡಿದರೆ ಹೇಗೆ ಲೆಕ್ಕ ಹಿಡಿಯಬೇಕು ಎಂದು! ಅದು ಗಣಿತದ ಒಳ್ಳೆಯ ಪ್ರಶ್ನೆ. ಹಾಗೆ ಕೇಳುವವರಿಗೆ ಗಣಿತ ಬರುವುದಿಲ್ಲ ಎಂದು ಇಷ್ಟು ವರ್ಷ ಯಾರು ಹೇಳಿಬಿಟ್ಟರೋ!

ಇಬ್ಬರಿಗೆ ಸಂಬಳ ಎಲ್ಲಿಂದ ಎಂದು ನಿಮ್ಮ ಪ್ರಾಂಶುಪಾಲರು ಕೇಳುತ್ತಾರೆ, ಕೇಳಲೇಬೇಕು. ಅಲ್ಲಿನ ರಾಜ್ಯ ಸರ್ಕಾರ ಈ ತರಗತಿಯ ಪ್ರತಿ ಪೂರ್ಣಾವಧಿ ವಿದ್ಯಾರ್ಥಿಯನ್ನು 1.75 ಎಂದು ಲೆಕ್ಕ ಹಿಡಿದು ಅನುದಾನ ಕೊಡುತ್ತದೆ. ಪ್ರಯೋಗ ಉಳಿದುಕೊಂಡದ್ದೇ ಈ ಮುಕ್ಕಾಲಿನ ದೆಸೆಯಿಂದ. ಅಧ್ಯಾಪಕರ ಉತ್ಸಾಹವೊಂದನ್ನೇ ನಂಬಿದ್ದ ಎಷ್ಟೋ ಒಳ್ಳೆಯ ಪ್ರಯೋಗಗಳು ಆ ಅಧ್ಯಾಪಕರಿಗೆ ವರ್ಗವಾದ ಕೂಡಲೇ ನಿಂತುಹೋದದ್ದನ್ನು ನೀವೂ ಕಂಡಿರುತ್ತೀರಿ.

ಪ್ರಶ್ನೆ: ನಾನು ಬಿ.ಎಸ್‌ಸಿ. ಓದುತ್ತಿದ್ದೇನೆ. ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚಿಲ್ಲ. ಆದರೆ ನಮ್ಮೂರಿಗೆ ಕೊನೆಯ ಬಸ್ಸು ನಾಲ್ಕು ಗಂಟೆಗೆ, ಲ್ಯಾಬ್ ಮುಗಿಯುವುದು ನಾಲ್ಕೂವರೆಗೆ. ಅಮೆರಿಕದ ಹಳ್ಳಿ ಹುಡುಗಿಯರಿಗೂ ಇಂಥ ತೊಂದರೆ ಇದೆಯೇ ಮೇಡಂ?
– ವಿದ್ಯಾರ್ಥಿನಿ, ಎಚ್.ಡಿ. ಕೋಟೆ ತಾಲ್ಲೂಕು

ಉತ್ತರ: ಇದೆ ಮಗಳೇ, ಚೆನ್ನಾಗಿಯೇ ಇದೆ. ಕೊಲಂಬಿಯಾ ನದಿಯ ಈಚೆಗೆ ಮೈಲಿಗಟ್ಟಲೆ ಗೋಧಿ ಹೊಲ, ಸೇಬಿನ ತೋಟ, ದ್ರಾಕ್ಷಿ. ಬಸ್ಸು ಎಂಬುದೇ ಅಪರೂಪ. ಮನೆಗೊಂದು ಹಳೆಯ ಕಾರು, ಅದನ್ನು ಬೆಳಿಗ್ಗೆ ಅಪ್ಪ ತೋಟಕ್ಕೆ ಒಯ್ದರೆ ಮಗಳ ತರಗತಿ ತಪ್ಪಿತು. ಅದಕ್ಕಾಗಿ ಕಾಲೇಜೇ ಸಣ್ಣ ಊರುಗಳಲ್ಲಿ ಶಾಖೆ ತೆರೆಯುತ್ತದೆ. 1996ರಲ್ಲಿ ರಾಜ್ಯ ಶಾಸನಸಭೆ ಶಾಲೆ, ಕಾಲೇಜು, ವಿಶ್ವವಿದ್ಯಾಲಯಗಳನ್ನು ಬೆಸೆಯುವ ಕೆ-20 ಎಂಬ ಜಾಲಕ್ಕೆ ಒಪ್ಪಿಗೆ ಕೊಟ್ಟ ಮೇಲೆ, ಒಂದು ಊರಿನಲ್ಲಿ ನಿಂತು ಮಾಡಿದ ಪಾಠವನ್ನು ಇನ್ನೊಂದು ಊರಿನ ಶಾಖೆಯಲ್ಲಿ ವಿಡಿಯೊದಲ್ಲಿ ನೋಡುತ್ತ ಪ್ರಶ್ನೆ ಕೇಳುವಂತಾಯಿತು. ಕೋವಿಡ್ ಕಾಲದಲ್ಲಿ ಮನೆಯಲ್ಲಿ ಇಂಟರ್‌ನೆಟ್ ಇಲ್ಲದವರಿಗಾಗಿ ಕಾರು ನಿಲ್ಲಿಸುವ ಜಾಗಕ್ಕೇ ವೈಫೈ ಬಂತು. ಕಾರಿನಲ್ಲಿ ಕೂತು ಪರೀಕ್ಷೆ ಬರೆದವರಿದ್ದಾರೆ.

ನಿನ್ನ ತೊಂದರೆ ಅರ್ಧ ಗಂಟೆಯದು, ಅದನ್ನು ಬಿಡಬೇಡ. ಇದೇ ಬಸ್ಸು ಹಿಡಿಯುವವರ ಹೆಸರು, ಊರು, ತಪ್ಪಿಹೋಗುವ ಲ್ಯಾಬ್ ಯಾವುದು ಎಂದು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಒಂದು ಪ್ರತಿ ಪ್ರಾಂಶುಪಾಲರಿಗೆ, ಲ್ಯಾಬ್ ಬೆಳಿಗ್ಗೆಗೆ, ಪಾಠ ಮಧ್ಯಾಹ್ನಕ್ಕೆ ಬದಲಾಯಿಸಿ ಎಂದು. ಇನ್ನೊಂದು ಡಿಪೊ ಮ್ಯಾನೇಜರ್‌ಗೆ. ಮೌಖಿಕವಾಗಿ ಕೇಳಿ ಸುಮ್ಮನಾಗಬೇಡಿ, ಸ್ವೀಕೃತಿ ಪಡೆದುಕೊಳ್ಳಿ. ನಮ್ಮ ಕಾಲೇಜಿನಲ್ಲಿ ವೇಳಾಪಟ್ಟಿ ಬದಲಾದದ್ದೂ ಯಾರು ಯಾವ ಹೊತ್ತಿಗೆ ಬರಲಾರರು ಎಂಬ ಪಟ್ಟಿ ಮೇಜಿನ ಮೇಲೆ ಬಂದ ಮೇಲೆಯೇ.

ಪ್ರಶ್ನೆ: ಅಮೆರಿಕದಲ್ಲಿ ಓದು ದುಬಾರಿ ಎಂದು ಕೇಳಿದ್ದೇವೆ. ತೋಟದ ಕೂಲಿಗಳ ಮಕ್ಕಳು ಶುಲ್ಕ ಹೇಗೆ ಕಟ್ಟುತ್ತಾರೆ?
– ಓದುಗರು, ಪುತ್ತೂರು

ಉತ್ತರ: ಬಡ ಕುಟುಂಬದ ಮಕ್ಕಳಿಗೆ ಕೇಂದ್ರ ಸರ್ಕಾರದ ಪೆಲ್ ಅನುದಾನವಿದೆ. ತಿರುಗಿ ಕೊಡಬೇಕಾದ ಸಾಲ ಅಲ್ಲ. 2025–26ಕ್ಕೆ ಗರಿಷ್ಠ ಮೊತ್ತ 7,395 ಡಾಲರ್, ಕಮ್ಯುನಿಟಿ ಕಾಲೇಜಿನ ಬೋಧನಾ ಶುಲ್ಕಕ್ಕಿಂತ ಹೆಚ್ಚು. ಅದರ ಜೊತೆಗೆ ರಾಜ್ಯದ ಅನುದಾನವೂ ಸಿಗುತ್ತದೆ. ಮೆಕ್ಸಿಕೊದಿಂದ ಬಂದ, ತಮಗೇ ದಾಖಲೆಪತ್ರ ಇಲ್ಲದ ಮಕ್ಕಳಿಗೆ ಪೆಲ್ ಸಿಗದು. ಆದರೆ ವಾಷಿಂಗ್ಟನ್ ರಾಜ್ಯ 2003ರಲ್ಲಿ, ಇಲ್ಲೇ ಮೂರು ವರ್ಷ ವಾಸವಿದ್ದು ಇಲ್ಲೇ ಹೈಸ್ಕೂಲು ಮುಗಿಸಿದವರಿಗೆ ಸ್ಥಳೀಯರ ಶುಲ್ಕವೇ ಸಾಕು ಎಂದು ಕಾನೂನು ಮಾಡಿತು. 2014ರಲ್ಲಿ ರಾಜ್ಯದ ಅನುದಾನವನ್ನೂ ಅವರಿಗೆ ತೆರೆಯಿತು.

ಕಾಗದದ ಮೇಲಿನ ಹಣ ಕೈಗೆ ಬರಬೇಕಾದರೆ ಅರ್ಜಿ ತುಂಬಬೇಕು, ಆ ಅರ್ಜಿ ಸುಲಭದ್ದಲ್ಲ. ಹಾಗಾಗಿ ಸಂಜೆ ಹೊತ್ತು ಕಾಲೇಜಿನ ಗ್ರಂಥಾಲಯದಲ್ಲಿ ಅಪ್ಪ-ಅಮ್ಮಂದಿರನ್ನು ಕೂರಿಸಿಕೊಂಡು, ಸ್ಪ್ಯಾನಿಷ್ ಬಲ್ಲ ಸಿಬ್ಬಂದಿ ಒಂದೊಂದೇ ಕಾಲಂ ತುಂಬಿಸುತ್ತಾರೆ. ಇದನ್ನು ನಾನು ಪಾಠದಷ್ಟೇ ದೊಡ್ಡ ಕೆಲಸವೆಂದು ಎಣಿಸುತ್ತೇನೆ. ಪುಸ್ತಕದ ಹೊರೆಯೂ ಇಳಿಯಿತು. 2011ರಿಂದ ರಾಜ್ಯದ ಅಧ್ಯಾಪಕರೇ ಸೇರಿ, ಅತಿ ಹೆಚ್ಚು ವಿದ್ಯಾರ್ಥಿಗಳು ಓದುವ 81 ಕೋರ್ಸುಗಳಿಗೆ ಮುಕ್ತ ಪಠ್ಯಸಾಮಗ್ರಿ ಹೊರತಂದರು. ಯಾವುದಕ್ಕೂ 30 ಡಾಲರ್ ಮೀರಬಾರದೆಂಬುದು ನಿಯಮವಾಗಿತ್ತು, ಬಹಳಷ್ಟು ಪೂರ್ತಿ ಉಚಿತವಾಗಿದ್ದವು.

ಪ್ರಶ್ನೆ: ಬೋಧನೆಯಲ್ಲಿ ಹೊಸತನ ತನ್ನಿ ಎಂದು ಸುತ್ತೋಲೆ ಬರುತ್ತದೆ, ಒಂದು ದಿನದ ಕಾರ್ಯಾಗಾರವಾಗುತ್ತದೆ. ಅಲ್ಲಿಗೆ ಮುಗಿಯಿತು. ನಿಮ್ಮಲ್ಲಿ?
– ಅತಿಥಿ ಉಪನ್ಯಾಸಕಿ, ವಿಜಯಪುರ

ಉತ್ತರ: ಅಲ್ಲಿಯೂ ಕಾರ್ಯಾಗಾರಗಳಿವೆ, ಹೆಚ್ಚಿನವು ನೆನಪಿನಲ್ಲಿಲ್ಲ. ನೆನಪಿರುವುದು ಒಂದು ಪಾಠದ ಹೊರೆ ಇಳಿಸಿ, ಅದೇ ಸಂಬಳದಲ್ಲಿ, ಹೊಸ ಪಠ್ಯ ಬರೆಯಲು ಕೊಟ್ಟ ಸಮಯ. ಜೊತೆಗೆ ಬೇರೆ ಬೇರೆ ವಿಭಾಗದ ನಾಲ್ಕಾರು ಮಂದಿ ವರ್ಷವಿಡೀ ಆಗಾಗ ಸೇರಿ, ಒಬ್ಬರ ತರಗತಿಯಲ್ಲಿ ಇನ್ನೊಬ್ಬರು ಹಿಂದಿನ ಬೆಂಚಿನಲ್ಲಿ ಕೂತು ನೋಡಿ ಮಾತಾಡಿದ್ದು. ಮೌಲ್ಯಮಾಪನಕ್ಕೆಂದು ಬಂದು ಕೂತವರ ಮುಂದೆ ಯಾರೂ ಹೊಸದನ್ನು ಮಾಡಿ ನೋಡುವುದಿಲ್ಲ, ಗೆಳೆಯರ ಮುಂದೆ ಮಾಡುತ್ತಾರೆ.

ಒಂದು ಕೊರತೆಯನ್ನು ಮುಚ್ಚಿಡಲಾರೆ. ಅಲ್ಲಿಯೂ ಬಹುಪಾಲು ಅಧ್ಯಾಪಕರು ಅರೆಕಾಲಿಕರು, ತರಗತಿ ಲೆಕ್ಕದಲ್ಲಿ ಸಂಬಳ. ಎರಡು ಕಾಲೇಜಿನ ನಡುವೆ ಕಾರು ಓಡಿಸುತ್ತ ಬದುಕುವವರಿಂದ ಹೊಸತನವನ್ನು ಬೇಡುವುದು ಅನ್ಯಾಯ. ನೀವು ಅತಿಥಿ ಉಪನ್ಯಾಸಕಿ, ನಾನು ಬಿಡಿಸಿ ಹೇಳಬೇಕಿಲ್ಲ. ಸಭೆಗೆ ಬಂದ ಗಂಟೆಗೂ ಅರೆಕಾಲಿಕರಿಗೆ ಹಣ ಕೊಡಬೇಕೆಂದು ನಾವು ಪಟ್ಟುಹಿಡಿದೆವು. ಕೊಟ್ಟ ವರ್ಷಗಳಲ್ಲಿ ಅವರು ಬಂದರು, ತರಗತಿಗಳು ಬದಲಾದವು. ಹಣ ನಿಂತ ವರ್ಷ ಸಭೆಯಲ್ಲಿ ಕಾಯಂ ನೌಕರರಷ್ಟೇ ಉಳಿದರು.

ಪ್ರಶ್ನೆ: ನನ್ನ ತಂಗಿಯ ಮಗ ಪಿಯುಸಿ ಮುಗಿಸಿದ್ದಾನೆ. ಎರಡು ವರ್ಷ ಅಲ್ಲಿನ ಕಮ್ಯುನಿಟಿ ಕಾಲೇಜಿನಲ್ಲಿ ಓದಿ ಆಮೇಲೆ ವಿಶ್ವವಿದ್ಯಾಲಯಕ್ಕೆ ಹೋದರೆ ಅಗ್ಗವೇ?
– ಓದುಗರು, ದಾವಣಗೆರೆ

ಉತ್ತರ: ನೇರವಾಗಿ ವಿಶ್ವವಿದ್ಯಾಲಯಕ್ಕೆ ಹೋಗುವುದಕ್ಕಿಂತ ಅಗ್ಗ, ಸ್ಥಳೀಯರಿಗಿಂತ ಬಹಳ ದುಬಾರಿ. ಮೇಲೆ ಹೇಳಿದ ಅನುದಾನಗಳು ವಿದ್ಯಾರ್ಥಿ ವೀಸಾದಲ್ಲಿ ಬಂದವರಿಗಿಲ್ಲ. ಅವನು ಹೋಗಬೇಕೆಂದಿರುವ ವಿಶ್ವವಿದ್ಯಾಲಯ ಈ ಎರಡು ವರ್ಷದ ಯಾವ ಯಾವ ಕೋರ್ಸುಗಳನ್ನು ಒಪ್ಪುತ್ತದೆ ಎಂಬುದನ್ನು ಬರಹದಲ್ಲಿ ಪಡೆಯಿರಿ, ಅದರಲ್ಲೂ ಎಂಜಿನಿಯರಿಂಗ್ ಆಸೆಯಿದ್ದರೆ. ಹಳ್ಳಿಗಾಡಿನ ಕಾಲೇಜಾದರೆ ಹಾಸ್ಟೆಲ್ ಇದೆಯೇ, ಚಳಿಗಾಲದಲ್ಲಿ ಅಂಗಡಿಗೆ ಹೋಗಲು ಬಸ್ಸು ಇದೆಯೇ ಎಂದು ಮೊದಲು ಕೇಳಿ. ಅನೇಕ ಕಡೆ ಎರಡೂ ಇರುವುದಿಲ್ಲ.